ಆರನೇ ನಂಬರಿನ ಜೆರ್ಸಿ, ಶುಕ್ರವಾರದ ಉಸಲಿ

ಮೊನ್ನೆ ಭಾನುವಾರ ಇಡೀ ದಿನ ಮಳೆ. ಮಗಳು ಲ್ಯಾಪ್‌ಟಾಪನ್ನು ಟಿವಿಗೆ ಸಿಕ್ಕಿಸಿ, "ಅಪ್ಪಾ, ನಿಮ್ಮ ಕಾಲದ್ದು ಯಾವುದಾದ್ರೂ ಒಳ್ಳೇ ಸ್ಪೋರ್ಟ್ಸ್ ಸಿನಿಮಾ ಹೇಳಿ" ಅಂದಳು. 2009ರ ಸಿನಿಮಾ ನನ್ನ ಕಾಲದ್ದು ಹೇಗಾಗುತ್ತದೋ ಗೊತ್ತಿಲ್ಲ, ಇರಲಿ. ‘ಇನ್ವಿಕ್ಟಸ್’ ಹಾಕಿಸಿದೆ. ನಾನು ನೋಡಿದ್ದು ಇದು ನಾಲ್ಕನೇ ಸಲ. ಪ್ರತಿ ಸಲವೂ ಒಂದು ದೃಶ್ಯ ಬಂದಾಗ ನನಗೆ ಕೂತಲ್ಲೇ ಮುಜುಗರವಾಗುತ್ತದೆ. ಅದೇನು ಅಂತ ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಇವತ್ತು ಬರೆದುಬಿಡುತ್ತೇನೆ.

ನೋಡದವರಿಗೆ ಎರಡೇ ಮಾತು. ಕ್ಲಿಂಟ್ ಈಸ್ಟ್‌ವುಡ್ ನಿರ್ದೇಶನ. ನೆಲ್ಸನ್ ಮಂಡೇಲಾ ಪಾತ್ರದಲ್ಲಿ ಮಾರ್ಗನ್ ಫ್ರೀಮನ್. ದಕ್ಷಿಣ ಆಫ್ರಿಕಾದ ರಗ್ಬಿ ತಂಡದ ನಾಯಕ ಫ್ರಾನ್ಸ್ವಾ ಪಿನಾರ್ ಆಗಿ ಮ್ಯಾಟ್ ಡೇಮನ್. (ನಿಜವಾದ ಪಿನಾರ್ ಆರೂಕಾಲು ಅಡಿ ಎತ್ತರದ ಆಳು. ಡೇಮನ್ ಆರಡಿಯೂ ಇಲ್ಲ. ಕ್ಯಾಮೆರಾ ಎಲ್ಲೆಲ್ಲಿ ಇಟ್ಟಿದ್ದಾರೆ ಅಂತ ನೋಡುವುದೇ ಒಂದು ಮಜಾ.) 27 ವರ್ಷ ಜೈಲಲ್ಲಿದ್ದ ಮನುಷ್ಯ 1994ರ ಮೇ ತಿಂಗಳಲ್ಲಿ ಅಧ್ಯಕ್ಷರಾಗುತ್ತಾರೆ. ಮರುವರ್ಷವೇ ರಗ್ಬಿ ವಿಶ್ವಕಪ್, ಅದೂ ಅವರ ದೇಶದಲ್ಲೇ. ಅಷ್ಟೇ ಕಥೆ.

ಸಿನಿಮಾ ಶುರುವಾಗುವುದು ಒಂದು ರಸ್ತೆಯಲ್ಲಿ. ರಸ್ತೆಯ ಈ ಕಡೆ ಹಸಿರು ಹುಲ್ಲಿನ ಮೈದಾನ. ಒಳ್ಳೇ ಅಂಗಿ, ಒಳ್ಳೇ ಬೂಟು ಹಾಕಿದ ಬಿಳಿ ಹುಡುಗರು ರಗ್ಬಿ ಆಡುತ್ತಿದ್ದಾರೆ. ಆ ಕಡೆ ಬರೀ ಮಣ್ಣಿನ ಬಯಲು, ತಂತಿ ಬೇಲಿ, ಸಿಕ್ಕಿದ್ದನ್ನು ಹಾಕಿಕೊಂಡು ಫುಟ್‌ಬಾಲ್ ಒದೆಯುತ್ತಿರುವ ಕಪ್ಪು ಹುಡುಗರು. ನಡುವೆ ಕಾರುಗಳ ಸಾಲು ಹಾದುಹೋಗುತ್ತದೆ. 1990ರ ಫೆಬ್ರವರಿ 11, ಮಂಡೇಲಾ ಬಿಡುಗಡೆಯಾದ ದಿನ. ಆ ಕಡೆಯ ಹುಡುಗರು ಬೇಲಿಗೆ ಓಡಿಬಂದು ‘ಮಂಡೇಲಾ, ಮಂಡೇಲಾ’ ಅಂತ ಕುಣಿಯುತ್ತಾರೆ. ಈ ಕಡೆಯ ಹುಡುಗನೊಬ್ಬ ಯಾರು ಅದು ಅಂತ ಕೋಚನ್ನು ಕೇಳುತ್ತಾನೆ. ಆ ಭಯೋತ್ಪಾದಕನನ್ನು ಬಿಟ್ಟುಬಿಟ್ಟರು, ನಮ್ಮ ದೇಶ ಹಾಳಾಗಿ ಹೋದ ದಿನ ಇದು ಅನ್ನುವ ಅರ್ಥದ ಉತ್ತರ ಬರುತ್ತದೆ. ಆ ರಸ್ತೆ ಎಷ್ಟು ಅಗಲ ಇದ್ದೀತು? ನಮ್ಮೂರ ಬೈಪಾಸಿನಷ್ಟೂ ಇಲ್ಲ.

ರಗ್ಬಿ ನಮಗೆ ಗೊತ್ತಿಲ್ಲದ ಆಟ. ಕೋಳಿಮೊಟ್ಟೆಯ ಹಾಗಿರುವ ಚೆಂಡು, ಅದನ್ನು ಕೈಯಲ್ಲಿ ಹಿಡಿದು ಮುಂದಕ್ಕೆ ಓಡಬೇಕು, ಆದರೆ ಪಾಸ್ ಕೊಡುವಾಗ ಮಾತ್ರ ಹಿಂದಕ್ಕೇ ಎಸೆಯಬೇಕು. ಕಬಡ್ಡಿ ನೋಡಿದವರಿಗೆ ಆ ಹಿಡಿತ, ಆ ಬೀಳಿಸುವುದು ಅರ್ಥವಾಗುತ್ತದೆ. ಉಳಿದದ್ದು ಅರ್ಥವಾಗದಿದ್ದರೂ ಸಿನಿಮಾಕ್ಕೆ ತೊಂದರೆ ಇಲ್ಲ. ಅರ್ಥವಾಗಬೇಕಾದದ್ದು ಅಂಗಿ. ಹಸಿರು ಬಂಗಾರದ ಬಣ್ಣ, ಎದೆಯ ಮೇಲೆ ಸ್ಪ್ರಿಂಗ್‌ಬಾಕ್ ಅನ್ನುವ ಅಲ್ಲಿನ ಜಿಂಕೆ. ತಂಡದ ಹೆಸರೂ ಅದೇ, ಸ್ಪ್ರಿಂಗ್‌ಬಾಕ್ಸ್. ಆಫ್ರಿಕಾನರ್ ಅನ್ನುವ ಡಚ್ ಮೂಲದ ಬಿಳಿಯರಿಗೆ ಅದು ದೇವರ ಪಟದಷ್ಟೇ ದೊಡ್ಡದು. ಕಪ್ಪು ಜನಕ್ಕೆ ಅದೇ ಅಂಗಿ ಪೊಲೀಸಿನವನ ಯೂನಿಫಾರ್ಮಿನ ಹಾಗೆ ಕಾಣುತ್ತಿತ್ತು. ಮಂಡೇಲಾ ಇದ್ದ ರಾಬೆನ್ ದ್ವೀಪದ ಜೈಲಿನಲ್ಲಿ ಕೈದಿಗಳು ಸ್ಪ್ರಿಂಗ್‌ಬಾಕ್ಸ್ ಆಡುವಾಗೆಲ್ಲ ಎದುರಾಳಿ ಯಾರೇ ಇರಲಿ, ಅವರ ಪರ ಇರುತ್ತಿದ್ದರು. ಸಿನಿಮಾದಲ್ಲೊಂದು ಸಣ್ಣ ದೃಶ್ಯ ಇದೆ. ಚರ್ಚಿನಲ್ಲಿ ಬಟ್ಟೆ ಹಂಚುತ್ತಿದ್ದಾರೆ. ಒಬ್ಬ ಬಡ ಹುಡುಗನಿಗೆ ಸ್ಪ್ರಿಂಗ್‌ಬಾಕ್ ಜೆರ್ಸಿ ಸಿಗುತ್ತದೆ. ಅವನು ಬೇಡ ಅಂತ ಹೋಗಿಬಿಡುತ್ತಾನೆ. ಮೈಮೇಲೆ ಸರಿಯಾದ ಬಟ್ಟೆ ಇಲ್ಲದ ಹುಡುಗ, ಹೊಸ ಅಂಗಿ ಬೇಡ ಅನ್ನುತ್ತಾನೆ!

ಇನ್ನೊಂದು ಸಂಗತಿ ಹೇಳಲೇಬೇಕು. ವರ್ಣಭೇದದ ಕಾರಣಕ್ಕೆ ಜಗತ್ತು ಆ ದೇಶದ ಜೊತೆ ಆಡುವುದನ್ನೇ ನಿಲ್ಲಿಸಿತ್ತು. 1987 ಮತ್ತು 1991ರ ರಗ್ಬಿ ವಿಶ್ವಕಪ್‌ಗಳಲ್ಲಿ ಅವರಿರಲಿಲ್ಲ. 1974ರಲ್ಲಿ ಡೇವಿಸ್ ಕಪ್ ಟೆನಿಸ್ ಫೈನಲ್‌ಗೆ ಹೋಗಿದ್ದ ನಮ್ಮ ತಂಡ, ಎದುರಿಗೆ ದಕ್ಷಿಣ ಆಫ್ರಿಕಾ ಅಂತ ಆಡದೇ ಕಪ್ ಬಿಟ್ಟುಕೊಟ್ಟಿತು. ನಾನು ಅವರನ್ನು ಮೊದಲು ನೋಡಿದ್ದು 1991ರ ನವೆಂಬರ್‌ನಲ್ಲಿ, ಕೋಲ್ಕತ್ತಾದ ಈಡನ್ ಗಾರ್ಡನ್ಸ್‌ನಲ್ಲಿ ಕ್ರಿಕೆಟ್ ಆಡಿದಾಗ, ಪಕ್ಕದ ಮನೆಯ ಟಿವಿಯಲ್ಲಿ. ಚಂದ್ರನ ಮೇಲೆ ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್‌ಗೆ ಹೇಗನ್ನಿಸಿರಬೇಕು ಅಂತ ಈಗ ಗೊತ್ತಾಯಿತು ಅಂದಿದ್ದರು ಅವರ ನಾಯಕ ಕ್ಲೈವ್ ರೈಸ್. "ಇಷ್ಟು ಚೆನ್ನಾಗಿ ಆಡ್ತಾರಲ್ಲ, ಇಷ್ಟು ದಿನ ಎಲ್ಲಿದ್ರು?" ಅಂತ ನಾನು ಕೇಳಿದಾಗ ನಮ್ಮಪ್ಪ, "ಮನೆಯವರನ್ನೇ ಹೊರಗೆ ನಿಲ್ಲಿಸಿದ್ರು. ಊರೋರು ಅವರನ್ನ ಹೊರಗೆ ನಿಲ್ಲಿಸಿದ್ರು" ಅಂದಿದ್ದರು.

ಮರುವರ್ಷ, 1992ರ ಆಗಸ್ಟ್. ಜೊಹಾನ್ಸ್‌ಬರ್ಗ್‌ನ ಎಲ್ಲಿಸ್ ಪಾರ್ಕ್ ಮೈದಾನ. ಬಹಿಷ್ಕಾರ ಮುಗಿದ ಮೇಲೆ ಸ್ಪ್ರಿಂಗ್‌ಬಾಕ್ಸ್‌ಗೆ ಮೊದಲ ಟೆಸ್ಟು, ಅಂದರೆ ಅಂತರರಾಷ್ಟ್ರೀಯ ಪಂದ್ಯ, ನ್ಯೂಜಿಲೆಂಡ್ ವಿರುದ್ಧ. ಹಳೇ ರಾಷ್ಟ್ರಗೀತೆ ಹಾಡಬೇಡಿ, ಒಂದು ನಿಮಿಷ ಮೌನ ಇರಲಿ ಅಂತ ಮಂಡೇಲಾ ಅವರ ಪಕ್ಷ ಕೇಳಿತ್ತು. ಜನ ಆ ಮೌನದಲ್ಲೇ ಎದ್ದು ನಿಂತು ಅದೇ ಹಾಡನ್ನು ಗಂಟಲು ಹರಿಯುವ ಹಾಗೆ ಹಾಡಿದರು. ಹಳೇ ಬಾವುಟ ಬೀಸಿದರು. ಮೂರು ವರ್ಷದ ಮೇಲೆ ವಿಶ್ವಕಪ್ ಫೈನಲ್ ನಡೆದದ್ದು ಇದೇ ಮೈದಾನದಲ್ಲಿ, ಇದೇ ಎದುರಾಳಿಯ ಜೊತೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಸಿನಿಮಾ ನೋಡಿ.

ಈಗ ಆ ದೃಶ್ಯ. ಅಧಿಕಾರ ಬಂದಿದೆ. ಕ್ರೀಡಾ ಮಂಡಳಿಯ ಸಭೆಯಲ್ಲಿ ಎಲ್ಲರೂ ಸೇರಿ ಸ್ಪ್ರಿಂಗ್‌ಬಾಕ್ ಹೆಸರು, ಬಣ್ಣ, ಚಿಹ್ನೆ ಎಲ್ಲ ತೆಗೆದುಹಾಕುವುದು ಅಂತ ಕೈ ಎತ್ತಿ ತೀರ್ಮಾನ ಮಾಡಿಬಿಟ್ಟಿದ್ದಾರೆ. ನ್ಯಾಯವಾದದ್ದೇ ಅಲ್ವಾ? ನಾನಿದ್ದರೂ ಕೈ ಎತ್ತುತ್ತಿದ್ದೆ. ಸುದ್ದಿ ಕೇಳಿ ಮಂಡೇಲಾ ಕಾರು ಹತ್ತಿ ಹೊರಡುತ್ತಾರೆ. ಹೋಗಬೇಡಿ, ನಿಮ್ಮ ಜನರೇ ನಿಮ್ಮ ಮೇಲೆ ತಿರುಗಿಬೀಳುತ್ತಾರೆ ಅಂತ ಅವರ ಕಾರ್ಯದರ್ಶಿ ದಾರಿಯುದ್ದಕ್ಕೂ ಹೇಳುತ್ತಾಳೆ. ಆ ಭಯ ಬಂದ ದಿನ ನಾನು ನಾಯಕನಾಗಿರಲು ಲಾಯಕ್ಕಲ್ಲ ಅನ್ನುವ ಅರ್ಥದ ಮಾತು ಅವರ ಬಾಯಲ್ಲಿ ಬರುತ್ತದೆ. ಸಭೆಗೆ ಹೋಗಿ, ತಮ್ಮವರ ಎದುರಿಗೆ ನಿಂತು, ಬಿಳಿಯರು ಪ್ರೀತಿಸುವುದನ್ನು ಕಿತ್ತುಕೊಂಡರೆ ನಾವು ಅವರು ಹೆದರಿದ್ದ ಹಾಗೇ ಇದ್ದೇವೆ ಅಂತ ತೋರಿಸಿಕೊಟ್ಟ ಹಾಗಾಗುತ್ತದೆ ಅಂತ ವಿವರಿಸುತ್ತಾರೆ. ಚಪ್ಪಾಳೆ ಇಲ್ಲ. ಜನ ಮುಖ ಗಂಟು ಹಾಕಿಕೊಂಡು ಕೂತಿದ್ದಾರೆ. ಯಾರು ನನ್ನ ಜೊತೆ ಅಂದರೆ ಮೊದಲು ನಾಲ್ಕೈದು ಕೈ ಏಳುತ್ತವೆ ಅಷ್ಟೇ.

ಇಲ್ಲೇ ನನಗೆ ಮುಜುಗರವಾಗುವುದು.

ಕೆಲವು ವರ್ಷಗಳ ಹಿಂದೆ ಬ್ಯಾಂಕುಗಳ ವಿಲೀನ ನಡೆಯಿತಲ್ಲ, ಆಗ ನಾನೊಂದು ಊರಿನ ಶಾಖೆಯಲ್ಲಿ ಮ್ಯಾನೇಜರ್. ನಮ್ಮದು ದೊಡ್ಡ ಬ್ಯಾಂಕು. ಅವರದು ನಮ್ಮೊಳಗೆ ಸೇರಿದ್ದು. ಒಂದೇ ರಸ್ತೆಯಲ್ಲಿದ್ದ ಎರಡು ಶಾಖೆ ಒಂದಾಯಿತು. ಅವರ ಕಡೆಯವರು ಎಂಟು ಜನ ತಮ್ಮ ಕುರ್ಚಿ, ಟಿಫನ್ ಬಾಕ್ಸು, ಒಂದು ಲಕ್ಷ್ಮಿ ಪಟ ತಗೊಂಡು ನಮ್ಮ ಕಟ್ಟಡಕ್ಕೆ ಬಂದರು. ಅವರಲ್ಲಿ ಶುಕ್ರವಾರದ ಪೂಜೆ ಅಂದರೆ ದೊಡ್ಡ ಸಂಭ್ರಮ. ಕ್ಯಾಶ್ ಕ್ಲೋಸ್ ಮಾಡಿ ಪಟಕ್ಕೆ ಹೂ ಹಾಕಿ ಊದುಬತ್ತಿ ಹಚ್ಚುವುದು, ಆಮೇಲೆ ಕಡಲೆಕಾಳಿನ ಉಸಲಿ. ಹೆಡ್ ಕ್ಯಾಶಿಯರ್ ಮನೆಯಿಂದಲೇ ಮಾಡಿಸಿಕೊಂಡು ಬರುತ್ತಿದ್ದರು, ಕಾಯಿತುರಿ, ಮಾವಿನಕಾಯಿ ಹಾಕಿ. ಪಿಗ್ಮಿ ಏಜೆಂಟರೂ ಬಂದು ಒಂದೊಂದು ದೊನ್ನೆ ಹಿಡಿದು ನಿಲ್ಲುತ್ತಿದ್ದರು. ಗನ್‌ಮ್ಯಾನ್ ಸಾಬರು ಮಕ್ಕಳಿಗೆ ಅಂತ ಒಂದು ದೊನ್ನೆ ಜಾಸ್ತಿ ಕಟ್ಟಿಸಿಕೊಳ್ಳುತ್ತಿದ್ದರು.

ನಮ್ಮ ಹಳೇ ಸಿಬ್ಬಂದಿಗೆ ಇದು ಹಿಡಿಸಲಿಲ್ಲ. ಉಸಲಿ ಮೇಲೆ ಅವರಿಗೇನೂ ಕೋಪ ಇರಲಿಲ್ಲ, ತಿಂದಿದ್ದರು ಕೂಡ. "ಸಾರ್, ಇದು ಅವರ ಬ್ಯಾಂಕಿನ ಪದ್ಧತಿ. ಒಂದು ಬಿಟ್ರೆ ಇನ್ನೊಂದು ಕೇಳ್ತಾರೆ. ಈಗಿದು ನಮ್ಮ ಬ್ರಾಂಚು" ಅಂದರು. ಎರಡು ವಾರ ಸುಮ್ಮನಿದ್ದೆ. ಮೂರನೇ ವಾರ ಒಂದು ಶುಕ್ರವಾರ ಬೆಳಿಗ್ಗೆ ಹೆಡ್ ಕ್ಯಾಶಿಯರನ್ನು ಕರೆದು, ಆಫೀಸ್ ವೇಳೆ, ಶಿಸ್ತು, ರೂಲ್ಸು ಅಂತೆಲ್ಲ ಹೇಳಿ ನಿಲ್ಲಿಸಿಬಿಟ್ಟೆ. ಅವರು "ಆಯ್ತು ಸಾರ್" ಅಂದು ಹೊರಗೆ ಹೋದರು. ಯಾರೂ ಜಗಳ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು.

ಅವತ್ತಿನಿಂದ ಅವರ ಕಡೆಯವರು ಗಂಟೆ ಹೊಡೆದ ಹಾಗೆ ಬಂದು ಗಂಟೆ ಹೊಡೆದ ಹಾಗೆ ಹೋದರು. ಹಳೇ ಬ್ಯಾಂಕಿನ ಗಿರಾಕಿ ಬಂದು ಅಕೌಂಟ್ ನಂಬರ್ ಬದಲಾದದ್ದಕ್ಕೆ, ಒಡವೆ ಸಾಲದ ರಸೀದಿ ಹೊಂದದಿದ್ದದ್ದಕ್ಕೆ ಗೋಳಾಡಿದರೆ, "ಸಿಸ್ಟಮ್‌ನಲ್ಲಿ ಬರ್ತಿಲ್ಲ, ಮ್ಯಾನೇಜರ್ ಹತ್ರ ಹೋಗಿ" ಅನ್ನುವುದು. ಆ ಗಿರಾಕಿಯ ಅಜ್ಜನ ಹೆಸರೂ ಅವರಿಗೆ ಗೊತ್ತಿತ್ತು. ಹೇಳುತ್ತಿರಲಿಲ್ಲ ಅಷ್ಟೇ. ನಾನು ಆ ಎರಡು ವರ್ಷ ತಿಂದ ಬೈಗುಳ ಲೆಕ್ಕ ಹಾಕಿದರೆ ಒಂದು ದೊನ್ನೆ ಉಸಲಿ ಬಹಳ ದುಬಾರಿಯಾಯಿತು.

ಎಲ್ಲಿಯ ವರ್ಣಭೇದ, ಎಲ್ಲಿಯ ಉಸಲಿ ಅಂತ ನೀವು ನಗಬಹುದು. ನಗಿ. ಮಂಡೇಲಾ ಬಿಟ್ಟುಕೊಟ್ಟದ್ದು ತಮ್ಮನ್ನು 27 ವರ್ಷ ಜೈಲಲ್ಲಿಟ್ಟವರಿಗೆ. ನಾನು ಬಿಟ್ಟುಕೊಡದೇ ಇದ್ದದ್ದು ನನಗೆ ಏನೂ ಕೆಡುಕು ಮಾಡದವರಿಗೆ. ಹಾಗಾಗಿಯೇ ಮುಜುಗರ. ನಾನು ಅವತ್ತು ಹೆದರಿದ್ದು ಆ ಎಂಟು ಜನಕ್ಕಲ್ಲ. ನಮ್ಮವರಿಗೆ. ಮ್ಯಾನೇಜರ್ ಅವರ ಕಡೆ ವಾಲಿದ ಅಂದುಕೊಳ್ಳುತ್ತಾರಲ್ಲ ಅಂತ.

ಈ ಸಿನಿಮಾವನ್ನು ಜನ ಕ್ಷಮೆಯ ಸಿನಿಮಾ ಅನ್ನುತ್ತಾರೆ. ಕಾಲೇಜಿನ ಮ್ಯಾನೇಜ್‌ಮೆಂಟ್ ಕ್ಲಾಸುಗಳಲ್ಲಿ ತೋರಿಸುತ್ತಾರೆ. ನನಗೆ ಕಾಣುವುದು ಬೇರೆ. ಇದರಲ್ಲಿ ಮಂಡೇಲಾ ಎದುರಾಳಿಯನ್ನು ಒಲಿಸಲು ಪಡುವ ಕಷ್ಟ ಕಮ್ಮಿ. ಒಂದು ಕಪ್ ಟೀಗೆ ಪಿನಾರ್ ಒಲಿದುಬಿಡುತ್ತಾನೆ. ನಿಜ ಜೀವನದಲ್ಲೂ 1994ರಲ್ಲಿ ಹೀಗೇ ಪ್ರಿಟೋರಿಯಾದ ಯೂನಿಯನ್ ಬಿಲ್ಡಿಂಗ್ಸ್‌ಗೆ, ಅಂದರೆ ಅಧ್ಯಕ್ಷರ ಕಚೇರಿಗೆ, ಕರೆಸಿ ಮಾತಾಡಿಸಿದ್ದರು. ಕಷ್ಟ ಇರುವುದೆಲ್ಲ ತಮ್ಮವರನ್ನು ಒಪ್ಪಿಸುವುದರಲ್ಲಿ. ಕಾವಲಿನ ತಂಡದ ಮುಖ್ಯಸ್ಥ ಜೇಸನ್‌ನನ್ನೇ ನೋಡಿ. ಜಾಸ್ತಿ ಜನ ಬೇಕು ಅಂತ ಕೇಳಿದ್ದಕ್ಕೆ ಮಂಡೇಲಾ ಕಳಿಸುವುದು ಹಳೇ ಸರ್ಕಾರದ ನಾಲ್ಕು ಬಿಳಿ ಪೊಲೀಸರನ್ನು. ನಿನ್ನೆಯವರೆಗೆ ನಮ್ಮನ್ನು ಕೊಲ್ಲಲು ನೋಡಿದವರ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಬೇಕಾ ಅಂತ ಅವನು ಕೆಂಡವಾಗುತ್ತಾನೆ. ಆ ಕೋಪ ಸುಳ್ಳು ಅಂತ ಸಿನಿಮಾ ಎಲ್ಲೂ ಹೇಳುವುದಿಲ್ಲ. ಮಂಡೇಲಾ ಕೂಡ ಹೇಳುವುದಿಲ್ಲ. ನಿನ್ನ ಕೋಪ ಸರಿ, ಆದರೂ ಜೊತೆಗೆ ನಿಲ್ಲು ಅನ್ನುತ್ತಾರೆ. ಇದು ತಬ್ಬಿಕೊಂಡು ಫೋಟೋ ತೆಗೆಸಿಕೊಳ್ಳುವುದಕ್ಕಿಂತ ಬಹಳ ಕಷ್ಟದ ಕೆಲಸ.

ಹಾಗೆ ಕೇಳುವ ಹಕ್ಕು ಅವರಿಗೆ ಇತ್ತು. ಬ್ಯಾಂಕಿನವನಾಗಿ ಹೇಳುವುದಾದರೆ, ಅವರ ಖಾತೆಯಲ್ಲಿ 27 ವರ್ಷದ ಡೆಪಾಸಿಟ್ ಇತ್ತು. ಅದನ್ನು ತಮ್ಮ ಸ್ವಂತಕ್ಕೆ ಮುರಿಸಲಿಲ್ಲ. ತಮ್ಮವರಿಗೆ ಬೇಡವಾದ ಕೆಲಸಕ್ಕೆ ಖರ್ಚು ಮಾಡಿದರು.

ಸುಮ್ನೆ ಒಳ್ಳೆಯ ಮನಸ್ಸಿನಿಂದ ಮಾಡಿದ್ದೂ ಅಲ್ಲ ಅದು. ಪಕ್ಕಾ ಲೆಕ್ಕಾಚಾರದ ಮನುಷ್ಯ ಅವರು. ಜೈಲಿನಲ್ಲೇ ಕೂತು ಆಫ್ರಿಕಾನ್ಸ್ ಭಾಷೆ ಕಲಿತರು, ಕಾವಲುಗಾರರ ಭಾಷೆ ಅಂತ. ಪೋಲ್ಸ್‌ಮೂರ್ ಜೈಲಿನಲ್ಲಿದ್ದಾಗ ಅವರಿಗೆ ಅನ್ನ ಬಿಸಿ ಮಾಡಿಕೊಳ್ಳಲು ಒಂದು ಹಾಟ್‌ಪ್ಲೇಟ್ ಬೇಕಿತ್ತು. ಅಲ್ಲಿನ ಅಧಿಕಾರಿಗೆ ರಗ್ಬಿ ಹುಚ್ಚು ಅಂತ ಗೊತ್ತಾಯಿತು. ಮಂಡೇಲಾಗೆ ಆ ಆಟದ ಮೇಲೆ ಯಾವ ಆಸೆಯೂ ಇರಲಿಲ್ಲ. ಆದರೂ ಓದಿಕೊಂಡು, ತಯಾರಾಗಿ, ಆತ ಬಂದಾಗ ಅವನ ಭಾಷೆಯಲ್ಲೇ ರಗ್ಬಿ ಮಾತಾಡಿದರು. ಹಾಟ್‌ಪ್ಲೇಟ್ ಬಂತು. ನನಗೆ ಇಡೀ ಸಿನಿಮಾಕ್ಕಿಂತ ಈ ಸಂಗತಿಯೇ ಇಷ್ಟ. ಆಮೇಲೆ ಇಡೀ ದೇಶಕ್ಕೆ ಮಾಡಿದ್ದು ಅದನ್ನೇ ಅಲ್ವಾ? ವಿಶ್ವಕಪ್ಪಿಗೆ ಮುಂಚೆ ಹೆಲಿಕಾಪ್ಟರಿನಲ್ಲಿ ತಂಡದ ಅಭ್ಯಾಸಕ್ಕೆ ಹೋಗಿ, ಪ್ರತಿಯೊಬ್ಬನನ್ನೂ ಹೆಸರು ಹಿಡಿದು ಕೈಕುಲುಕುವ ದೃಶ್ಯ ನೋಡಿ. ಫೋಟೋ ಇಟ್ಟುಕೊಂಡು ಹೆಸರು ಉರುಹೊಡೆದಿದ್ದಾರೆ. ನಾನು ಆ ಎಂಟು ಜನರ ಹೆಸರು ಕಲಿಯಲು ಒಂದು ತಿಂಗಳು ತಗೊಂಡಿದ್ದೆ.

ಆಟದ ಭಾಗ ನನಗೆ ಅಷ್ಟು ಹಿಡಿಸಲಿಲ್ಲ ಅಂತಲೂ ಹೇಳಬೇಕು. ಕೊನೆಯ ಅರ್ಧ ಗಂಟೆ ಸ್ಲೋ ಮೋಷನ್, ಉಸಿರು, ಮೂಳೆ ಸದ್ದು. ಸಾಕಪ್ಪಾ ಅನ್ನಿಸುತ್ತದೆ. ನಿಜವಾದ ಮ್ಯಾಚೇ ಇನ್ನೂ ಬಿಗಿಯಾಗಿತ್ತು. 1995ರ ಜೂನ್ 24. ಎದುರಿಗೆ ಜೋನಾ ಲೋಮು ಅನ್ನುವ 20 ವರ್ಷದ ದೈತ್ಯ, ಹಿಂದಿನ ವಾರವಷ್ಟೇ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ಮೇಲೆ ನಾಲ್ಕು ಟ್ರೈ ಹೊಡೆದವನು. (ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಒಂದು ಟ್ರೈ.) ಅವನಿಗೆ ಅವತ್ತು ಒಂದೂ ಸಿಗಲಿಲ್ಲ. ಎರಡೂ ಕಡೆ ಒಂದೂ ಟ್ರೈ ಇಲ್ಲ. 9-9 ಸಮ. ಹೆಚ್ಚುವರಿ ಆಟದಲ್ಲಿ 12-12. ಕೊನೆಗೆ ಯೋಯೆಲ್ ಸ್ಟ್ರಾನ್ಸ್ಕಿ ಚೆಂಡನ್ನು ನೆಲಕ್ಕೆ ಪುಟಿಸಿ ಕಂಬಗಳ ನಡುವೆ ಒದ್ದ ಡ್ರಾಪ್ ಗೋಲ್, 15-12. ದಕ್ಷಿಣ ಆಫ್ರಿಕಾದ ಅಷ್ಟೂ ಅಂಕ ಅವನೊಬ್ಬನದೇ.

ಸಿನಿಮಾದ ಫೈನಲ್‌ನಲ್ಲಿ ನಾನು ಮೈದಾನ ನೋಡುವುದೇ ಇಲ್ಲ. ಹೊರಗೆ ನಿಂತ ಪೊಲೀಸ್ ಕಾರು ನೋಡುತ್ತೇನೆ. ಇಬ್ಬರು ಬಿಳಿ ಪೊಲೀಸರು ಕಾರಿನಲ್ಲಿ ರೇಡಿಯೋ ಹಚ್ಚಿದ್ದಾರೆ. ಚೀಲ ಹಿಡಿದ ಒಬ್ಬ ಕಪ್ಪು ಹುಡುಗ ಕಾಮೆಂಟರಿ ಕೇಳಿಸಲಿ ಅಂತ ಹತ್ತಿರ ಸುಳಿಯುತ್ತಾನೆ. ಹೋಗೋ ಆಚೆ ಅನ್ನುತ್ತಾರೆ. ಸ್ವಲ್ಪ ದೂರ ಹೋಗಿ ಏನೋ ಹೆಕ್ಕುವವನ ಹಾಗೆ ಮತ್ತೆ ಬರುತ್ತಾನೆ. ಒಂದೊಂದು ಸಲ ತೋರಿಸಿದಾಗಲೂ ಅರ್ಧ ಅಡಿ ಹತ್ತಿರ. ಆಮೇಲೆ ಕಾರಿಗೆ ಒರಗಿದ್ದಾನೆ. ಗೆದ್ದಾಗ ಅವರೇ ಅವನನ್ನು ಎತ್ತಿ ಕುಣಿಸುತ್ತಿದ್ದಾರೆ. ಯಾರೂ ಭಾಷಣ ಬಿಗಿಯುವುದಿಲ್ಲ. ಸಿನಿಮಾದಲ್ಲಿ ಇಂಥದ್ದು ಇನ್ನೂ ನಾಲ್ಕು ಇದ್ದಿದ್ದರೆ!

ಮತ್ತೆ ಕಪ್ ಕೊಡುವಾಗ ಮಂಡೇಲಾ ಮೈಮೇಲೆ ಅದೇ ಹಸಿರು ಜೆರ್ಸಿ. ಬೆನ್ನ ಮೇಲೆ ಪಿನಾರ್‌ನ 6 ನಂಬರ್. ಮೂರು ವರ್ಷದ ಹಿಂದೆ ಹಳೇ ಹಾಡು ಹಾಡಿದ್ದ ಮೈದಾನ ‘ನೆಲ್ಸನ್, ನೆಲ್ಸನ್’ ಅಂತ ಕೂಗುತ್ತಿದೆ. ಇದು ಸಿನಿಮಾದ ಕಟ್ಟುಕಥೆಯಲ್ಲ, ನಡೆದದ್ದು. ಮೈದಾನದ ಮಂದಿ ನಿಮಗೆ ಎಷ್ಟು ಬೆಂಬಲ ಕೊಟ್ಟರು ಅಂತ ಕೇಳಿದವರಿಗೆ ಪಿನಾರ್, ಇಲ್ಲಿದ್ದವರಷ್ಟೇ ಅಲ್ಲ, 4 ಕೋಟಿ 30 ಲಕ್ಷ ಜನ ನಮ್ಮ ಜೊತೆ ಇದ್ದರು ಅಂದ.

ಇಷ್ಟು ಹೊಗಳಿದ ಮೇಲೆ ಮಗಳು ಕೇಳಿದ ಪ್ರಶ್ನೆಯನ್ನೂ ಬರೆಯದಿದ್ದರೆ ತಪ್ಪಾಗುತ್ತದೆ. "ಅಪ್ಪಾ, ಟೀಮಲ್ಲಿ ಇರೋ ಒಬ್ಬನೇ ಒಬ್ಬ ಕಪ್ಪು ಪ್ಲೇಯರ್ ಯಾಕೆ ಹೆಚ್ಚು ಮಾತಾಡಲ್ಲ?"

ಚೆಸ್ಟರ್ ವಿಲಿಯಮ್ಸ್. ಇಡೀ ತಂಡದಲ್ಲಿ ಬಿಳಿಯನಲ್ಲದವನು ಅವನೊಬ್ಬನೇ. ಗಾಯದಿಂದ ಹೊರಗಿದ್ದು, ಕ್ವಾರ್ಟರ್ ಫೈನಲ್‌ಗೆ ವಾಪಸ್ ಬಂದು ವೆಸ್ಟರ್ನ್ ಸಮೋವಾ ವಿರುದ್ಧ ನಾಲ್ಕು ಟ್ರೈ ಹೊಡೆದವನು. ಪೋಸ್ಟರುಗಳ ಮೇಲೆಲ್ಲ ಅವನದೇ ಮುಖ. ಏಳು ವರ್ಷದ ಮೇಲೆ ಬಂದ ಅವನ ಜೀವನಕಥೆಯಲ್ಲಿ ತಂಡದವರೇ ಬಣ್ಣ ಹಿಡಿದು ಹೀಯಾಳಿಸಿದ್ದು ಇದೆ. ಸಿನಿಮಾಕ್ಕೆ ಆ ಗಲೀಜು ಬೇಡವಾಯಿತು. ಪಿನಾರ್ ಮನೆಯ ಕೆಲಸದಾಕೆ ಯೂನಿಸ್‌ಗೂ ಫೈನಲ್‌ನ ಟಿಕೆಟ್ ಕೊಡಿಸುತ್ತಾರೆ, ನಮ್ಮ ಕಣ್ಣು ಒದ್ದೆಯಾಗುತ್ತದೆ, ಆದರೆ ಆಕೆಗೆ ಸಂಬಳ ಎಷ್ಟು ಅಂತ ಯಾರೂ ಕೇಳುವುದಿಲ್ಲ. ಡರ್ಬನ್‌ನಲ್ಲಿ ಫ್ರಾನ್ಸ್ ಜೊತೆಗಿನ ಸೆಮಿಫೈನಲ್ ದಿನ ಮಳೆ ಸುರಿದು ಮೈದಾನ ಕೆರೆಯಾಗಿತ್ತು. ಪೊರಕೆ ಹಿಡಿದು ನೀರು ಗುಡಿಸಿ ಆ ಆಟ ನಡೆಯುವ ಹಾಗೆ ಮಾಡಿದವರು ಕಪ್ಪು ಹೆಂಗಸರು. 19-15ರಲ್ಲಿ ಗೆದ್ದು ಫೈನಲ್‌ಗೆ ಹೋದರು. ಕ್ಷಮಿಸುವ ಕೆಲಸವೂ ಕೊನೆಗೆ ಅದೇ ಜನದ ಪಾಲಿಗೆ ಬಂತು ಅಂತ ಯಾರಾದರೂ ಸಿಟ್ಟಾದರೆ ನನ್ನ ಹತ್ತಿರ ಉತ್ತರ ಇಲ್ಲ. ಮಗಳಿಗೂ ಹಾಗೇ ಹೇಳಿದೆ.

(ಫೈನಲ್‌ಗೆ ಮುಂಚೆ ನ್ಯೂಜಿಲೆಂಡಿನ ಸುಮಾರು ಆಟಗಾರರಿಗೆ ಹೊಟ್ಟೆ ಕೆಟ್ಟಿತ್ತು. ಅದರ ಬಗ್ಗೆ ಸಿನಿಮಾ ಉಸಿರೇ ಎತ್ತುವುದಿಲ್ಲ. ಅವರು ಇವತ್ತಿಗೂ ಮರೆತಿಲ್ಲ.)

ಮುಂದಿನದು ನಿಧಾನವಾಗಿ ಆಯಿತು. 2007ರಲ್ಲಿ ಮತ್ತೆ ಕಪ್ ಗೆದ್ದಾಗ ಫೈನಲ್ ಶುರು ಮಾಡಿದ ಹದಿನೈದರಲ್ಲಿ ಬಿಳಿಯರಲ್ಲದವರು ಇಬ್ಬರೇ. 2019ರಲ್ಲಿ ಯೋಕೊಹಾಮದಲ್ಲಿ ಇಂಗ್ಲೆಂಡನ್ನು 32-12ಕ್ಕೆ ಸೋಲಿಸಿದಾಗ ಕಪ್ ಎತ್ತಿದ್ದು ಸಿಯಾ ಕೊಲಿಸಿ. ಸ್ಪ್ರಿಂಗ್‌ಬಾಕ್ಸ್‌ನ ಮೊದಲ ಕಪ್ಪು ನಾಯಕ, ಬಡ ಟೌನ್‌ಶಿಪ್ಪಿನಿಂದ, ಅಂದರೆ ಊರಾಚೆಯ ಕಪ್ಪು ಜನರ ಕೇರಿಯಿಂದ ಬಂದವನು. ಅವನ ಜೆರ್ಸಿ ನಂಬರೂ 6. ವಿಶ್ವಕಪ್ ಫೈನಲ್‌ಗಳಲ್ಲಿ ದಕ್ಷಿಣ ಆಫ್ರಿಕಾದ ಮೊಟ್ಟಮೊದಲ ಟ್ರೈ ಹೊಡೆದದ್ದು ಅವತ್ತೇ, ಮಕಜೋಲೆ ಮಪಿಂಪಿ. ಆ ಜಿಂಕೆಯ ಅಂಗಿಯನ್ನು 1994ರಲ್ಲಿ ಕಿತ್ತುಹಾಕಿದ್ದರೆ ಇವರಿಬ್ಬರೂ ಬೇರೆ ಯಾವುದೋ ಅಂಗಿಯಲ್ಲಿ ಆಡುತ್ತಿದ್ದರೋ ಏನೋ. ದೇಶದ ಬಡತನ, ಏರುತಗ್ಗು ಮಾತ್ರ ವಿಶ್ವಕಪ್ ಗೆದ್ದದ್ದರಿಂದ ಸರಿಹೋಗಿಲ್ಲ. ಅದನ್ನು ರಗ್ಬಿ ಹೇಗೆ ಸರಿಮಾಡೀತು?

ಸಿನಿಮಾ ಮುಗಿದ ಮೇಲೆ ರಾತ್ರಿ ಹೆಡ್ ಕ್ಯಾಶಿಯರ್‌ಗೆ ಫೋನ್ ಮಾಡಿದೆ. ರಿಟೈರ್ ಆಗಿ ಹಾಸನದಲ್ಲಿದ್ದಾರೆ. ಮಂಡೇಲಾ, ರಗ್ಬಿ, ಜಿಂಕೆ ಅಂತೆಲ್ಲ ಏನೇನೋ ಹೇಳಿ ಕೊನೆಗೆ, "ಆ ಶುಕ್ರವಾರದ ಪೂಜೆ ನಾನು ನಿಲ್ಲಿಸಬಾರದಿತ್ತು" ಅಂದೆ.

"ಅಯ್ಯೋ ಬಿಡಿ ಸಾರ್, ಯಾವ ಕಾಲದ್ದು" ಅಂದರು. ಮಕ್ಕಳು, ಮಂಡಿ ನೋವು, ಮಳೆ ಎಲ್ಲ ಮಾತಾಡಿದೆವು. ಇನ್ನೇನು ಫೋನ್ ಇಡಬೇಕು, ಆಗ ಅಂದರು: "ಕಡಲೆ ನೆನೆಹಾಕ್ತಿದ್ದದ್ದು ಗುರುವಾರ ರಾತ್ರಿ ಸಾರ್. ನೀವು ಹೇಳಿದ್ದು ಶುಕ್ರವಾರ ಬೆಳಿಗ್ಗೆ. ಅಷ್ಟೊತ್ತಿಗೆ ಒಗ್ಗರಣೆನೂ ಆಗಿತ್ತು."